ಗುರುದೇವ ರಾನಡೆಯವರ ಜೀವನ ಮತ್ತು ಅವರ ಸಂಶೋಧನೆಯ ದಾರಿ

ಜತ್ತ ತಾಲೂಕೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಬರಗಾಲ. ಭಾವಿಕರಿಗಾದರೆ ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆ. ಆದರೆ ಇದೇ ತಾಲೂಕಿನ ಉಮದಿ ಎಂಬ ಗ್ರಾಮದ ಹೆಸರು ತತ್ತ್ವಜ್ಞಾನದ ಚರಿತ್ರೆಯೊಂದಿಗೆ ಕೂಡಿಕೊಂಡಿದೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳುವವರು ಕಡಿಮೆ. ಪುಣೆಯ ಕಾಲೇಜಿನಲ್ಲಿ ಗ್ರೀಕ್ ತತ್ತ್ವಜ್ಞಾನವನ್ನು ಬೋಧಿಸಿ, ಅಲಹಾಬಾದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಕೊನೆಗೆ ಅಲ್ಲಿಯ ಕುಲಪತಿಗಳೂ ಆದ ಪ್ರೊ. ರಾಮಚಂದ್ರ ದತ್ತಾತ್ರೇಯ ರಾನಡೆಯವರು ತಮ್ಮ ಗುರುವೆಂದು ನಂಬಿದುದು ಉಮದಿಯ ಭಾವೂಸಾಹೇಬ ಮಹಾರಾಜರನ್ನು. ಜನ ಅವರನ್ನು ಗುರುದೇವ ರಾನಡೆ ಎಂದೇ ಕರೆಯುತ್ತಾರೆ. ಅವರ ಸಂತತ್ವದ ಬಗೆಗೆ ಬರೆದವರು ಅನೇಕರಿದ್ದಾರೆ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗಾಗಿ ನಾನು ಅವರ ಜೀವನದ ಇನ್ನೊಂದು ಮಗ್ಗುಲನ್ನು ಹೇಳಬಯಸುತ್ತೇನೆ. ಅವರು ಒಂದು ಪ್ರಶ್ನೆಯನ್ನು ಹೇಗೆ ಹಿಡಿದರು, ಅದನ್ನು ಹೇಗೆ ಹದಗೊಳಿಸಿದರು, ಅದಕ್ಕಾಗಿ ಯಾವ ಯೋಜನೆ ಹಾಕಿದರು ಎಂಬುದೇ ಆ ಮಗ್ಗುಲು.

ಇದಕ್ಕೆ ಕಾರಣವಿದೆ. ನಮ್ಮ ಶಾಲೆಯಲ್ಲಿ ಕಲಿತ ಮಕ್ಕಳಲ್ಲಿ ಕೆಲವರು ಈಗ ಸೊಲ್ಲಾಪುರ, ಕೊಲ್ಲಾಪುರ, ವಿಜಯಪುರ, ಧಾರವಾಡಗಳಲ್ಲಿ ಎಂ. ಎ. ಮುಗಿಸಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸುತ್ತಿದ್ದಾರೆ. ದೀಪಾವಳಿಯ ಸೂಟಿಗೆ ಊರಿಗೆ ಬಂದಾಗ ನಿವೃತ್ತ ಮಾಸ್ತರನನ್ನು ಮರೆಯದೆ ಕಾಣಲು ಬರುತ್ತಾರೆ. ಒಳ್ಳೆಯದೊಂದು ವಿಷಯ ಕೊಡಿರಿ, ಸಿನಾಪ್ಸಿಸ್ ಬರೆಯಬೇಕಾಗಿದೆ ಎಂದು ಕೇಳುತ್ತಾರೆ. ನಾನು ಮ್ಯಾಟ್ರಿಕ್ಕಿನವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿ ಶಿಕ್ಷಕನಾದವನು. ವಿಶ್ವವಿದ್ಯಾಲಯದ ಸಂಶೋಧನೆಯನ್ನು ಮಾಡಿದವನಲ್ಲ. ಆದರೆ ವಿಷಯವನ್ನು ಇನ್ನೊಬ್ಬರಿಂದ ಕಡ ತರಬಹುದು, ಪ್ರಶ್ನೆಯನ್ನು ಕಡ ತರಲಾಗದು ಎಂಬಷ್ಟು ರಾನಡೆಯವರ ಗ್ರಂಥಗಳನ್ನು ನಿಧಾನವಾಗಿ ಓದಿದ ಮೇಲೆ ನನಗೆ ತಿಳಿದಿದೆ. ಆ ಮಕ್ಕಳಿಗೆ ಕೊಡಬೇಕಾದ ಉತ್ತರವನ್ನು ಈ ಚರಿತ್ರೆಯ ರೂಪದಲ್ಲಿ ಕೊಡುತ್ತಿದ್ದೇನೆ.

ಮೊದಲು ಗುರುಪರಂಪರೆ. ಇಂಡಿ ಸೀಮೆಯ ನಿಂಬರಗಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಒಬ್ಬ ಮಹಾನುಭಾವರಿದ್ದರು. ಲಿಂಗಾಯತ ಮನೆತನದವರು, ಜನ ಅವರನ್ನು ನಿಂಬರಗಿ ಮಹಾರಾಜರೆಂದು ಕರೆದರು. ಅವರು ಉಪದೇಶ ಮಾಡಿದುದು ಅಚ್ಚ ಆಡುಗನ್ನಡದಲ್ಲಿ. ನಾಮಸ್ಮರಣೆ, ಸಂಸಾರದಲ್ಲಿದ್ದುಕೊಂಡೇ ಸಾಧನೆ, ದುಡಿದು ಉಣ್ಣುವುದು ಇವು ಅವರ ಬೋಧೆಯ ತಿರುಳು. ಅವರ ಅನುಗ್ರಹ ಪಡೆದವರಲ್ಲಿ ಉಮದಿಯ ದೇಶಪಾಂಡೆ ಮನೆತನದ ವೆಂಕಟೇಶ ಖಂಡೇರಾವ್ ಅವರೂ ಒಬ್ಬರು. 1843ರಲ್ಲಿ ಹುಟ್ಟಿದ ಇವರೇ ಮುಂದೆ ಭಾವೂಸಾಹೇಬ ಮಹಾರಾಜರೆನಿಸಿದರು. ಉಮದಿಯಿಂದ ಹೊರಟು ಇಂಚಗೇರಿಯಲ್ಲಿ ಮಠ ಕಟ್ಟಿದರು. ದಿನವೂ ನೇಮಕ್ಕೆ ಕೂಡುವುದು, ಸಮರ್ಥ ರಾಮದಾಸರ ದಾಸಬೋಧದ ಪೋಥಿ ಓದುವುದು, ಬಳಿಕ ಭಜನೆ ಎಂಬ ಕ್ರಮವನ್ನು ಹಾಕಿಕೊಟ್ಟರು. ಲಿಂಗಾಯತ ಗುರು, ಬ್ರಾಹ್ಮಣ ಶಿಷ್ಯ. ಬೋಧೆ ಕನ್ನಡ, ಪೋಥಿ ಮರಾಠಿ. ಭಜನೆಯಲ್ಲಿ ಕನ್ನಡ ಪದದ ಬೆನ್ನಿಗೆ ಮರಾಠಿ ಅಭಂಗ. ನಮ್ಮ ಸೀಮೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಆದರೆ ಆಶ್ಚರ್ಯ ಕಾಣಬೇಕಾದಲ್ಲಿ ಕಾಣದೆ ಹೋಗುವುದೇ ಸಂಶೋಧನೆಗೆ ದೊಡ್ಡ ತೊಡಕು. ಈ ಮಾತಿಗೆ ಮುಂದೆ ಬರುತ್ತೇನೆ.

ರಾನಡೆಯವರು ಹುಟ್ಟಿದುದು 1886ರ ಜುಲೈ 3ರಂದು, ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ. ಮನೆಯ ಭಾಷೆ ಮರಾಠಿ, ಓಣಿಯ ಭಾಷೆ ಕನ್ನಡ. ಜಮಖಂಡಿಯ ಪರಶುರಾಮಭಾವು ಹಾಯಸ್ಕೂಲಿನಲ್ಲಿ ಓದುತ್ತಿದ್ದಾಗ ಭಾವೂಸಾಹೇಬ ಮಹಾರಾಜರು ಆ ಊರಿಗೆ ಬಂದು ಹೋಗುತ್ತಿದ್ದರು. 1901ರಲ್ಲಿ, ಹದಿನೈದರ ಹುಡುಗನಾಗಿದ್ದ ರಾನಡೆಯವರಿಗೆ ಅವರಿಂದ ನಾಮೋಪದೇಶವಾಯಿತು. ಬರಲಿದ್ದ ಪರೀಕ್ಷೆಯಲ್ಲಿ ಯಶಸ್ಸು ದೊರೆಯಲೆಂಬ ಆಸೆಯೂ ಆಗ ಅವರ ಮನಸ್ಸಿನಲ್ಲಿತ್ತೆಂದು ಚರಿತ್ರಕಾರರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮರುವರ್ಷ, 1902ರಲ್ಲಿ, ಅವರು ಮ್ಯಾಟ್ರಿಕ್ ಪರೀಕ್ಷೆಯಲ್ಲಿ ಉಚ್ಚ ಸ್ಥಾನ ಗಳಿಸಿ ಸಂಸ್ಕೃತಕ್ಕಾಗಿ ಇದ್ದ ಜಗನ್ನಾಥ ಶಂಕರಶೇಟ ಶಿಷ್ಯವೃತ್ತಿಯನ್ನು ಪಡೆದರು. ಪರೀಕ್ಷೆಗಾಗಿ ದೇವರನ್ನು ನೆನೆದ ಹುಡುಗರು ಅಂದೂ ಇದ್ದರು, ಇಂದೂ ಇದ್ದಾರೆ. ಪರೀಕ್ಷೆ ಮುಗಿದ ಮೇಲೆಯೂ ನೆನೆದವರು ವಿರಳ.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಅವರ ಒಲವು ಮೊದಲು ಗಣಿತದ ಕಡೆಗಿತ್ತು. 1907ರಲ್ಲಿ ಬಿ. ಎ. ಆದರು. 1909ರ ಸುಮಾರಿಗೆ ಕಠಿಣವಾದ ಕಾಯಿಲೆ ಬಂದು ದೇಹ ತೀರ ಸೊರಗಿತು. ಬದುಕುವ ಭರವಸೆಯೇ ಕಡಿಮೆಯಾಗಿತ್ತು. ಆ ದಿನಗಳಲ್ಲಿ ನಾಮಧ್ಯಾನ ಹೆಚ್ಚಿತು. ಅದರೊಂದಿಗೆ ತಮಗೆ ಆಗುತ್ತಿದ್ದ ಅನುಭವಗಳನ್ನು ಕುರಿತು ವಿಚಾರವೂ ಹೆಚ್ಚಿತು. ಗಣಿತವನ್ನು ಬಲ್ಲ ಬುದ್ಧಿ ಸುಮ್ಮನೆ ನಂಬಿ ಕುಳಿತುಕೊಳ್ಳುವುದಿಲ್ಲ. ಧ್ಯಾನದಲ್ಲಿ ಕಾಣುವುದು, ಕೇಳುವುದು ಮನಸ್ಸಿನ ಭ್ರಮೆಯೋ, ವಸ್ತುಸ್ಥಿತಿಯೋ? ತನಗೊಬ್ಬನಿಗೇ ಆದದ್ದೋ, ಇತರರಿಗೂ ಆಗಿದೆಯೋ? ಆಗಿದ್ದರೆ ಬೇರೆ ದೇಶದ, ಬೇರೆ ಕಾಲದ, ಬೇರೆ ಭಾಷೆಯ ಜನರ ಮಾತಿನಲ್ಲಿ ಅದರ ಗುರುತು ಸಿಕ್ಕಬೇಕಲ್ಲವೇ? ಈ ವಿಚಾರಗಳು ಅವರನ್ನು ಗಣಿತದಿಂದ ತತ್ತ್ವಜ್ಞಾನಕ್ಕೆ ಕರೆತಂದವು. 1914ರಲ್ಲಿ ಛಾನ್ಸೆಲರ್ ಅವರ ಸುವರ್ಣಪದಕದೊಡನೆ ಎಂ. ಎ. ಪಾಸಾಗಿ, ಡೆಕ್ಕನ್ ಎಜ್ಯುಕೇಶನ್ ಸೊಸಾಯಟಿಯನ್ನು ಸೇರಿ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಭಾವೂಸಾಹೇಬ ಮಹಾರಾಜರು ಇಂಚಗೇರಿಯಲ್ಲಿ ದೇಹವಿಟ್ಟುದೂ ಅದೇ 1914ರಲ್ಲಿ.

ಇಲ್ಲಿ ವಾಚಕರು ಸ್ವಲ್ಪ ನಿಲ್ಲಬೇಕು. ರಾನಡೆಯವರ ಪ್ರಶ್ನೆ ಪುಸ್ತಕದ ಕಪಾಟಿನಿಂದ ಬಂದುದಲ್ಲ. ಬದುಕಿನಲ್ಲಿ ನಾಟಿದ ಮುಳ್ಳು ಅದು. ಹಾಗೆಂದು ಆ ಮುಳ್ಳು ಇದ್ದ ಹಾಗೆಯೇ ಸಂಶೋಧನೆಯ ಪ್ರಶ್ನೆಯಾಗಲಿಲ್ಲ. ದೇವರು ಇದ್ದಾನೆಯೇ ಎಂದು ಕೇಳಿದರೆ ಯಾವ ವಿಶ್ವವಿದ್ಯಾಲಯವೂ ಮೂರು ವರ್ಷಗಳಲ್ಲಿ ಉತ್ತರ ಕೊಡಲಾರದು. ಅನುಭವಿಗಳೆನಿಸಿದವರು ಏನು ಹೇಳಿದ್ದಾರೆ, ಅವರ ಹೇಳಿಕೆಗಳಲ್ಲಿ ಒಮ್ಮತವಿದೆಯೇ, ಆ ಹೇಳಿಕೆಗಳಿಗೆ ಬುದ್ಧಿ ಒಪ್ಪುವ ತತ್ತ್ವದ ತಳಹದಿ ಇದೆಯೇ ಎಂದು ಕೇಳಿದರೆ ಮಾತ್ರ ಕೈಗೆ ಕೆಲಸ ಸಿಗುತ್ತದೆ. ಇಂಥ ಗ್ರಂಥ, ಇಂಥ ಸಾಲು, ಇಂಥ ಅರ್ಥ ಎಂದು ತೋರಿಸಬಹುದು. ಬೇರೊಬ್ಬರು ಅದೇ ಗ್ರಂಥ ತೆರೆದು, ಅರ್ಥ ಹಾಗಲ್ಲ, ಹೀಗೆ ಎಂದು ವಾದಿಸಬಹುದು. ತಪ್ಪೆಂದು ತೋರಿಸಲು ಎಡೆಯಿರುವಂತೆ ಕೇಳಿದ ಪ್ರಶ್ನೆಯೇ ಗಟ್ಟಿ ಪ್ರಶ್ನೆ. ರಾನಡೆಯವರು ಅಂತರಂಗದ ಪ್ರಶ್ನೆಯನ್ನು ಬಿಡಲಿಲ್ಲ. ಅದಕ್ಕೆ ಅಂಗಳದಲ್ಲಿ ನಿಂತು ನಾಲ್ವರು ಪರೀಕ್ಷಿಸಬಹುದಾದ ರೂಪ ಕೊಟ್ಟರು.

ಮೊದಲಿನ ವರ್ಷಗಳಲ್ಲಿ ಅವರು ಕೈಹಚ್ಚಿದುದು ಗ್ರೀಕರಿಗೆ. ಹೆರಾಕ್ಲೈಟಸ್ ಮೊದಲಾದವರನ್ನು ಕುರಿತು ಲೇಖನಗಳನ್ನು ಬರೆದರು. ಬಡೋದೆಯ ಪ್ರೊ. ವಿಜರಿಯವರೊಡನೆ ಕೂಡಿ 1917ರಲ್ಲಿ ಇಂಡಿಯನ್ ಫಿಲಾಸಾಫಿಕಲ್ ರಿವ್ಯೂ ಎಂಬ ತ್ರೈಮಾಸಿಕವನ್ನು ನಡೆಸಿದರು. ಉಮದಿಯ ಮಹಾರಾಜರ ಶಿಷ್ಯ ಗ್ರೀಕರ ಬೆನ್ನು ಹತ್ತಿದುದೇಕೆಂದು ಕೆಲವರಿಗೆ ಅನಿಸಬಹುದು. ಹೋಲಿಸಲು ಇನ್ನೊಂದು ಇಲ್ಲದೆ ನಮ್ಮದರ ಅಳತೆ ನಮಗೆ ತಿಳಿಯುವುದಿಲ್ಲ ಎಂಬುದೇ ಇದಕ್ಕೆ ಉತ್ತರವೆಂದು ನಾನು ಭಾವಿಸುತ್ತೇನೆ.

ಉಪನಿಷತ್ತುಗಳ ವಿಚಾರವನ್ನು ಪಾಶ್ಚಾತ್ಯ ತತ್ತ್ವಜ್ಞಾನದ ವಿಧಾನದಿಂದ ನಿರೂಪಿಸಬೇಕೆಂಬ ಯೋಚನೆ ಅವರಿಗೆ ಹೊಳೆದುದು 1915ರಲ್ಲಿ. ಗ್ರಂಥ ಅಚ್ಚಾಗಿ ಹೊರಬಂದುದು 1926ರಲ್ಲಿ. ನಡುವೆ ಹನ್ನೊಂದು ವರ್ಷ! ಇಂದಿನ ವಿದ್ಯಾರ್ಥಿಗಳಿಗೆ ಅಷ್ಟು ಅವಕಾಶವಿಲ್ಲವೆಂಬುದನ್ನು ಬಲ್ಲೆ. ಆದರೆ ಆ ಹನ್ನೊಂದು ವರ್ಷಗಳಲ್ಲಿ ಅವರು ಮಾಡಿದ ಆಯ್ಕೆಗಳನ್ನು ಗಮನಿಸಬೇಕು. ಉಪನಿಷತ್ತುಗಳೆಂದು ಹೆಸರಾದವು ಮುಕ್ತಿಕೋಪನಿಷತ್ತಿನ ಪಟ್ಟಿಯಂತೆ 108. ರಾನಡೆಯವರು ತೆಗೆದುಕೊಂಡುದು ಪ್ರಾಚೀನವಾದ 13 ಮಾತ್ರ. ಬೃಹದಾರಣ್ಯಕ, ಛಾಂದೋಗ್ಯ, ಈಶ, ಕೇನ, ಐತರೇಯ, ತೈತ್ತಿರೀಯ, ಕೌಷೀತಕಿ, ಕಠ, ಮುಂಡಕ, ಶ್ವೇತಾಶ್ವತರ, ಪ್ರಶ್ನ, ಮೈತ್ರಿ, ಮಾಂಡೂಕ್ಯ. ಹೊಲಕ್ಕೆ ಬದು ಹಾಕುವ ಕೆಲಸವಿದು. ಬದು ಇಲ್ಲದ ಹೊಲದಲ್ಲಿ ಮಳೆಯ ನೀರು ನಿಲ್ಲುವುದಿಲ್ಲವೆಂಬುದನ್ನು ಜತ್ತದ ರೈತನಿಗೆ ಹೇಳಬೇಕಾಗಿಲ್ಲ.

ಎರಡನೆಯ ಮಾತು, ಮುಂಚಿನವರ ಕೆಲಸ. ಜರ್ಮನಿಯ ಪಾಲ್ ಡಾಯ್ಸನ್ ಅವರು ಉಪನಿಷತ್ತುಗಳ ತತ್ತ್ವಜ್ಞಾನದ ಮೇಲೆ ಬರೆದ ಪ್ರಸಿದ್ಧ ಗ್ರಂಥದ ಇಂಗ್ಲಿಷ್ ಅನುವಾದ 1906ರಲ್ಲಿಯೇ ಬಂದಿತ್ತು. ನಮ್ಮ ಕಡೆಗೆ ಶಂಕರ, ರಾಮಾನುಜ, ಮಧ್ವ ಮೊದಲಾದ ಆಚಾರ್ಯರ ಭಾಷ್ಯಗಳಂತೂ ಇದ್ದೇ ಇದ್ದವು. ಹೀಗಿರುವಾಗ ಹೊಸದಾಗಿ ಬರೆಯಲು ಏನು ಉಳಿದಿತ್ತು? ಉಳಿದಿದ್ದ ಪ್ರಶ್ನೆ ಇದು: ಅದ್ವೈತಿ, ವಿಶಿಷ್ಟಾದ್ವೈತಿ, ದ್ವೈತಿ ಮೂವರೂ ಇದೇ ಉಪನಿಷತ್ತುಗಳನ್ನು ತಮ್ಮ ಆಧಾರವೆನ್ನುತ್ತಾರೆ. ಇದು ಹೇಗೆ ಸಾಧ್ಯವಾಯಿತು? ಉಪನಿಷತ್ತುಗಳಲ್ಲಿ ಇರುವುದು ಒಂದೇ ದರ್ಶನವೋ, ಅನೇಕ ದರ್ಶನಗಳ ಬೇರುಗಳೋ? ರಾನಡೆಯವರು ಯಾವ ಆಚಾರ್ಯರ ಪಕ್ಷವನ್ನೂ ಮೊದಲೇ ಹಿಡಿಯಲಿಲ್ಲ. ಸಮಸ್ಯೆಗಳನ್ನು ಬೇರ್ಪಡಿಸಿದರು. ಜಗತ್ತಿನ ಉತ್ಪತ್ತಿಯ ವಿಚಾರ, ಮನಸ್ಸಿನ ವಿಚಾರ, ಮುಂದಿನ ದರ್ಶನಗಳ ಬೇರುಗಳು, ಪರಮ ಸತ್ಯದ ಸಮಸ್ಯೆ, ನೀತಿ, ಕೊನೆಗೆ ಆತ್ಮಸಾಕ್ಷಾತ್ಕಾರದ ಸೂಚನೆಗಳು, ಇವೆಲ್ಲಕ್ಕೂ ಮುಂಚೆ ಹಿನ್ನೆಲೆ. ಹೀಗೆ ಏಳು ಅಧ್ಯಾಯಗಳಾದವು. ಪ್ರತಿಯೊಂದು ಅಧ್ಯಾಯಕ್ಕೂ ಆಧಾರವಾದ ಮೂಲ ಸಂಸ್ಕೃತ ವಾಕ್ಯಗಳನ್ನು ವಿಷಯಕ್ಕೆ ತಕ್ಕಂತೆ ಜೋಡಿಸಿ ಕೂಡಿಸಿಕೊಟ್ಟರು. ತಾನು ಹೇಳಿದುದನ್ನು ಓದುಗನೇ ಒರೆಗೆ ಹಚ್ಚಿ ನೋಡಲಿ ಎಂಬ ಪ್ರಾಮಾಣಿಕತೆ ಅದು. ಬೇರುಗಳು ಅನೇಕವೆಂದು ತೋರಿಸಿದರೂ, ಎಲ್ಲ ವಿಚಾರಗಳ ತುದಿಯಲ್ಲಿ ಇರುವುದು ಅನುಭವವೇ ಎಂದು ಕೊನೆಯ ಅಧ್ಯಾಯಕ್ಕೆ ಬಂದು ನಿಂತರು. ಜಮಖಂಡಿಯ ಹುಡುಗನ ಪ್ರಶ್ನೆ ಏಳನೆಯ ಅಧ್ಯಾಯದವರೆಗೆ ತಾಳ್ಮೆಯಿಂದ ಕಾದಿತ್ತು.

ಇನ್ನು ಅವರ ದೊಡ್ಡ ಯೋಜನೆಯ ಕಥೆ. ಡಾ. ಶ್ರೀಪಾದ ಕೃಷ್ಣ ಬೆಲವಲಕರ ಅವರು ಸಂಸ್ಕೃತದ ಹಿರಿಯ ಪಂಡಿತರು. ಮುಂದೆ ಪುಣೆಯ ಭಾಂಡಾರಕರ ಸಂಸ್ಥೆಯ ಮಹಾಭಾರತದ ಸಂಶೋಧಿತ ಆವೃತ್ತಿಗೆ ಪ್ರಧಾನ ಸಂಪಾದಕರಾದವರು. ಅವರೂ ರಾನಡೆಯವರೂ ಕೂಡಿ ಭಾರತೀಯ ತತ್ತ್ವಜ್ಞಾನದ ಸಮಗ್ರ ಇತಿಹಾಸವನ್ನು ಅನೇಕ ಸಂಪುಟಗಳಲ್ಲಿ ಬರೆಯುವ ಸಂಕಲ್ಪ ಮಾಡಿದರು. ಅದಕ್ಕೆ ಮುಂಬಯಿ ವಿಶ್ವವಿದ್ಯಾಲಯದ ಆಶ್ರಯ ದೊರೆಯಿತು. 1924ರಲ್ಲಿ ರಾನಡೆಯವರು ಪುಣೆಯಲ್ಲಿ ತತ್ತ್ವಜ್ಞಾನ ಮತ್ತು ಧರ್ಮಗಳ ಅಧ್ಯಯನಕ್ಕಾಗಿ ಒಂದು ಅಕಾಡೆಮಿಯನ್ನೂ ಸ್ಥಾಪಿಸಿದರು.

ಇಂಥ ಯೋಜನೆಗೆ ಆಶ್ರಯ ದೊರೆಯಬೇಕಾದರೆ ಅದನ್ನು ಕಾಗದದ ಮೇಲೆ ಇಳಿಸಬೇಕು. ಇದನ್ನೇ ಇಂದು ಸಂಶೋಧನ ಪ್ರಸ್ತಾವವೆನ್ನುತ್ತಾರೆ. ನಮ್ಮ ಹುಡುಗರು ಇದನ್ನು ಅರ್ಜಿಯ ನಮೂನೆಯಂತೆ ತುಂಬುತ್ತಾರೆ. ಮಹತ್ತ್ವ, ಉದ್ದೇಶ, ವ್ಯಾಪ್ತಿ, ವಿಧಾನ ಎಂದು ತಲೆಬರಹಗಳನ್ನು ಹಾಕಿ, ಹಿಂದಿನವರ ಸಿನಾಪ್ಸಿಸ್ಸಿನಿಂದ ವಾಕ್ಯಗಳನ್ನು ಎತ್ತಿ ಜೋಡಿಸುತ್ತಾರೆ. ವಾಸ್ತವವಾಗಿ ಅದು ಮನೆ ಕಟ್ಟುವ ಮುಂಚೆ ಗೌಂಡಿಯೊಡನೆ ಮಾಡಿಕೊಳ್ಳುವ ಮಾತುಕತೆಯಂಥದು. ಏನು ಕಟ್ಟಬೇಕು, ಎಷ್ಟು ಕೋಣೆ, ಕಲ್ಲು ಎಲ್ಲಿಯದು, ಎಷ್ಟು ದಿನ, ಎಷ್ಟು ಖರ್ಚು? ಕಲ್ಲು ಎಲ್ಲಿಂದ ಬರುತ್ತದೆಂದು ತಿಳಿಯದೆ ಕೋಣೆಗಳ ಲೆಕ್ಕ ಹೇಳುವವನನ್ನು ಯಾರೂ ನಂಬುವುದಿಲ್ಲ. ಪ್ರಸ್ತಾವವನ್ನು ಓದುವ ಪ್ರಾಧ್ಯಾಪಕರು ನೋಡುವುದೂ ಇದನ್ನೇ. ಈ ಹುಡುಗನ ಪ್ರಶ್ನೆಗೆ ಉತ್ತರ ಎಲ್ಲಿ ಸಿಕ್ಕೀತು, ಅಲ್ಲಿಗೆ ಹೋಗುವ ಶಕ್ತಿ ಇವನಿಗಿದೆಯೇ, ಆ ಭಾಷೆ ಇವನಿಗೆ ಬರುತ್ತದೆಯೇ, ಉತ್ತರ ಸಿಕ್ಕರೆ ಮುಂಚೆ ತಿಳಿಯದಿದ್ದುದೇನಾದರೂ ತಿಳಿದಂತಾಯಿತೇ? ಇಷ್ಟಕ್ಕೆ ನಾಲ್ಕು ಪುಟದಲ್ಲಿ ನೇರವಾಗಿ ಉತ್ತರ ಬರೆದವನ ಪ್ರಸ್ತಾವ ಸಾಮಾನ್ಯವಾಗಿ ತಿರುಗಿ ಬರುವುದಿಲ್ಲ.

ಬೆಲವಲಕರ ಮತ್ತು ರಾನಡೆಯವರ ಯೋಜನೆಯಲ್ಲಿ ಕಲ್ಲಿಗೂ ಕೊರತೆಯಿರಲಿಲ್ಲ, ಗೌಂಡಿಗೂ ಕೊರತೆಯಿರಲಿಲ್ಲ. ಆದರೂ ಆ ಮಾಲೆಯಲ್ಲಿ ಹೊರಬಂದ ಸಂಪುಟಗಳು ಎರಡೇ. ಎರಡನೆಯ ಸಂಪುಟ 1927ರಲ್ಲಿ ಬಂದಿತು. ಬ್ರಾಹ್ಮಣಗಳು, ಉಪನಿಷತ್ತುಗಳು ಮತ್ತು ಅವುಗಳ ನಂತರದ ಚಿಂತನೆಯ ಕಾಲವನ್ನು ಕುರಿತುದು. ಏಳನೆಯ ಸಂಪುಟ 1933ರಲ್ಲಿ ಬಂದಿತು. ಅದು ಮಹಾರಾಷ್ಟ್ರದ ಅನುಭಾವವನ್ನು ಕುರಿತುದು. ಮೇಲೆ ಹೇಳಿದ ಉಪನಿಷತ್ತಿನ ಗ್ರಂಥ ಈ ಮಾಲೆಯ ಹೊರಗೆ ನಿಂತ ಸ್ವತಂತ್ರ ಗ್ರಂಥ. ಎರಡಕ್ಕೂ ಏಳಕ್ಕೂ ನಡುವಿನ ಸಂಪುಟಗಳು ಬರಲೇ ಇಲ್ಲ. ಇಬ್ಬರು ಮೇಧಾವಿಗಳು, ಒಂದು ವಿಶ್ವವಿದ್ಯಾಲಯ, ಒಂದು ಅಕಾಡೆಮಿ ಇದ್ದೂ ಹೀಗಾಯಿತು. ದೇಹಸ್ಥಿತಿ ಕೆಟ್ಟು ರಾನಡೆಯವರು 1920ರ ದಶಕದ ನಡುವಿನಲ್ಲಿ ಪುಣೆಯ ಕೆಲಸವನ್ನು ಬಿಟ್ಟು ನಿಂಬಾಳಕ್ಕೆ ಬಂದು ನೆಲೆಸಿದುದು ಒಂದು ಕಾರಣ. ಆದರೆ ಯೋಜನೆ ಒಂದು ಜನ್ಮಕ್ಕೆ ಮೀರಿದುದಾಗಿತ್ತೆಂಬುದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಇದು ಗುರುದೇವರ ಭಕ್ತರಿಗೆ ರುಚಿಸಲಿಕ್ಕಿಲ್ಲ. ಅವರ ದೊಡ್ಡತನಕ್ಕೆ ಇದರಿಂದ ಕುಂದಿಲ್ಲವೆಂದು ನಂಬಿಯೇ ಬರೆಯುತ್ತಿದ್ದೇನೆ. ಎಲ್ಲವನ್ನೂ ಬರೆಯುವೆನೆಂದ ಇತಿಹಾಸ ಅರ್ಧಕ್ಕೆ ನಿಂತಿತು. ಹದಿಮೂರು ಉಪನಿಷತ್ತುಗಳಿಗೆ ಬದು ಹಾಕಿಕೊಂಡ ಗ್ರಂಥ ಪೂರ್ಣವಾಯಿತು. ನೂರು ವರ್ಷ ತುಂಬುವ ಹೊತ್ತಿನಲ್ಲಿಯೂ ಅದನ್ನು ಓದುವವರಿದ್ದಾರೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. 1926ರ ಗ್ರಂಥ, 1927ರ ಸಂಪುಟ ಎರಡೂ ಬಹುಮಟ್ಟಿಗೆ ಅವೇ ಉಪನಿಷತ್ತುಗಳನ್ನು ನೋಡುತ್ತವೆ. ಆದರೆ ಸಂಪುಟ ಕೇಳುವುದು ಯಾವುದು ಮೊದಲು, ಯಾವುದು ಆಮೇಲೆ, ವಿಚಾರ ಹೇಗೆ ಬೆಳೆಯಿತು ಎಂದು. ಗ್ರಂಥ ಕೇಳುವುದು ಸಮಸ್ಯೆಗಳು ಯಾವುವು, ಅವಕ್ಕೆ ಕೊಟ್ಟ ಉತ್ತರಗಳು ಒಂದಕ್ಕೊಂದು ಹೇಗೆ ಹೊಂದುತ್ತವೆ ಎಂದು. ಆಕರ ಒಂದೇ, ಪ್ರಶ್ನೆ ಎರಡು, ಆದ್ದರಿಂದ ಪುಸ್ತಕ ಎರಡು. ಆ ವಿಷಯದ ಮೇಲೆ ಆಗಲೇ ಒಬ್ಬರು ಪಿಎಚ್.ಡಿ. ಮಾಡಿಬಿಟ್ಟಿದ್ದಾರೆ, ಇನ್ನು ನನಗೇನು ಉಳಿಯಿತು ಎಂದು ಮುಖ ಸಣ್ಣದು ಮಾಡಿಕೊಂಡು ಬರುವ ಹುಡುಗರಿಗೆ ನಾನು ತೋರಿಸುವುದು ಈ ಎರಡು ಪುಸ್ತಕಗಳನ್ನು.

ಮಹಾರಾಷ್ಟ್ರದ ಅನುಭಾವವನ್ನು ಕುರಿತ ಏಳನೆಯ ಸಂಪುಟ ನಮಗೆ ಇನ್ನೂ ಹತ್ತಿರದ್ದು. ಇದಕ್ಕೆ ಮುಂಚೆ ರಾನಡೆಯವರು ಸಂತರ ವಾಣಿಯನ್ನು ವಿಷಯಾನುಸಾರ ಆರಿಸಿ ಮರಾಠಿಯಲ್ಲಿ ಸಂಗ್ರಹಗಳನ್ನು ಸಿದ್ಧಪಡಿಸಿದರು. ಜ್ಞಾನೇಶ್ವರ ವಚನಾಮೃತ, ತುಕಾರಾಮ ವಚನಾಮೃತ, ರಾಮದಾಸ ವಚನಾಮೃತ ಮೊದಲಾದವು ಅವು. ಮೊದಲು ಕಣದಲ್ಲಿ ರಾಶಿ, ಆಮೇಲೆ ತೂರುವುದು, ಆಮೇಲೆ ಅಳೆಯುವುದು. ಆ ರಾಶಿಯಿಂದಲೇ ಇಂಗ್ಲಿಷ್ ಗ್ರಂಥ ಹುಟ್ಟಿತು. ಅದರಲ್ಲಿ ಐವರು ಸಂತರ ಅನುಭಾವದ ಬಗೆಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು. ಜ್ಞಾನೇಶ್ವರರದು ಬುದ್ಧಿಪ್ರಧಾನ, ನಾಮದೇವರದು ಜಾತಿಭೇದ ಮೀರಿ ಜನಸಾಮಾನ್ಯರನ್ನು ಕೂಡಿಸಿಕೊಂಡುದು, ಏಕನಾಥರದು ಸಮನ್ವಯದ್ದು, ತುಕಾರಾಮರದು ವ್ಯಕ್ತಿಯ ಅಂತರಂಗದ ಹೋರಾಟದ್ದು, ರಾಮದಾಸರದು ಕರ್ಮಪ್ರಧಾನ. ಈ ವಿಂಗಡಣೆಯನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಎಲ್ಲ ಸಂತರೂ ಹೇಳಿದುದು ಒಂದೇ ಎಂದು ಕೈಮುಗಿದು ಎದ್ದುಹೋಗುವವರಿಗೂ, ಒಂದೇ ಆದರೆ ಬಗೆ ಏಕೆ ಬೇರೆ ಎಂದು ಕುಳಿತು ಕೇಳುವವರಿಗೂ ಇರುವ ಅಂತರ ಇದರಿಂದ ತಿಳಿಯುತ್ತದೆ. ಅನುಭಾವ ನಿಜವೋ ಭ್ರಮೆಯೋ ಎಂಬ ಹಳೆಯ ಪ್ರಶ್ನೆಗೂ ಅವರು ಅಲ್ಲಿ ಒರೆಗಲ್ಲುಗಳನ್ನು ಸೂಚಿಸಿದರು. ಅದು ದೇಶಕಾಲಗಳನ್ನು ಮೀರಿ ಎಲ್ಲೆಡೆ ಕಾಣಬೇಕು; ಬುದ್ಧಿಯನ್ನು ಮಂಕುಗೊಳಿಸದೆ ಹರಿತಗೊಳಿಸಬೇಕು; ಭಾವವನ್ನು ಶುದ್ಧಗೊಳಿಸಬೇಕು; ನಡತೆಯನ್ನು ತಿದ್ದಬೇಕು. 1901ರಲ್ಲಿ ಜಮಖಂಡಿಯಲ್ಲಿ ಆರಂಭವಾದುದಕ್ಕೆ ದೊರೆತ ಉತ್ತರ 1933ರಲ್ಲಿ ಅಚ್ಚಿಗೆ ಬಂದಿತು.

ಈ ಕೆಲಸ ನಡೆಯುತ್ತಿರುವಾಗಲೇ ಅವರ ವಾಸಸ್ಥಾನ ಬದಲಾಗಿತ್ತು. ಅಲಹಾಬಾದ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಮಹಾಮಹೋಪಾಧ್ಯಾಯ ಗಂಗಾನಾಥ ಝಾ ಅವರ ಕರೆಯ ಮೇರೆಗೆ ಅವರು ಅಲ್ಲಿಯ ತತ್ತ್ವಜ್ಞಾನ ವಿಭಾಗವನ್ನು ಸೇರಿದರು. ವಿಭಾಗದ ಮುಖ್ಯಸ್ಥರಾಗಿ, ಡೀನ್ ಆಗಿ, ಕುಲಪತಿಗಳಾಗಿ 1946ರಲ್ಲಿ ನಿವೃತ್ತರಾದರು. ರಜೆ ಬಂದರೆ ನಿಂಬಾಳ. ಹೋಟಗಿಯಿಂದ ವಿಜಾಪುರದ ಮೇಲೆ ಗದಗಕ್ಕೆ ಹೋಗುವ ರೈಲು ಮಾರ್ಗದಲ್ಲಿ ನಿಂಬಾಳ ಒಂದು ಸಣ್ಣ ಸ್ಟೇಶನ್ನು. ಆಗ ಅದು ಮೀಟರ್ ಗೇಜಿನ ಮಾರ್ಗ. ಅಲ್ಲಿ ಅವರ ಆಶ್ರಮ. ಗುರುಬಂಧುಗಳಾದ ಅಂಬುರಾವ ಮಹಾರಾಜರು 1933ರಲ್ಲಿ ತೀರಿಕೊಂಡ ಮೇಲೆ ಸಾಧಕರು ಮಾರ್ಗದರ್ಶನಕ್ಕಾಗಿ ರಾನಡೆಯವರ ಬಳಿಗೇ ಬರತೊಡಗಿದರು. ಇದೇ ಪರಂಪರೆಯ ಇನ್ನೊಂದು ಕವಲು ಸಿದ್ಧರಾಮೇಶ್ವರ ಮಹಾರಾಜರ ಮೂಲಕ ಮುಂಬಯಿಗೆ ಹೋಯಿತು. ಅವರ ಶಿಷ್ಯರಾದ ನಿಸರ್ಗದತ್ತ ಮಹಾರಾಜರ ಮಾತುಗಳನ್ನು ಕೇಳಲು ಮುಂದೆ ಯುರೋಪು, ಅಮೆರಿಕೆಗಳಿಂದ ಜನ ಬಂದರು. ಉಮದಿಯ ಒಂದು ಹಣತೆಯಿಂದ ಎಷ್ಟು ದೂರದವರೆಗೆ ಬೆಳಕು ಹೋಯಿತೆಂಬುದನ್ನು ನಮ್ಮ ತಾಲೂಕಿನವರೇ ಲೆಕ್ಕ ಹಾಕಿಲ್ಲ.

ಹಿಂದೆ ಬಿಟ್ಟುಬಂದ ಮಾತನ್ನು ಈಗ ಎತ್ತಿಕೊಳ್ಳುತ್ತೇನೆ. ನಮ್ಮ ವಿದ್ಯಾರ್ಥಿಗಳು ಆರಿಸಿಕೊಳ್ಳುವ ವಿಷಯ ಬಹುಶಃ ಗಡಿನಾಡಿನ ಕನ್ನಡ ಜ್ಞಾನಪದ ಒಂದು ಅಧ್ಯಯನ ಎಂಬಂಥದು. ಇದು ವಿಷಯ, ಪ್ರಶ್ನೆಯಲ್ಲ. ಇದಕ್ಕೆ ತಪ್ಪು ಉತ್ತರವೂ ಇಲ್ಲ, ಸರಿ ಉತ್ತರವೂ ಇಲ್ಲ. ಅದರ ಬದಲು ಹೀಗೆ ಕೇಳಿ ನೋಡಬೇಕು. ಉಮದಿ, ಸಂಖ, ಮಾಡಗ್ಯಾಳದ ಕಡೆಗೆ ಭಜನೆಗೆ ಕುಳಿತ ಮೇಳ ಒಂದೇ ರಾತ್ರಿ ಕನ್ನಡ ಪದವನ್ನೂ ಮರಾಠಿ ಅಭಂಗವನ್ನೂ ಹಾಡುವುದುಂಟು. ಯಾವಾಗ ಯಾವುದನ್ನು ಹಾಡುತ್ತಾರೆ? ಆರಂಭಕ್ಕೆ ಒಂದು ಭಾಷೆ, ಆರತಿಗೆ ಇನ್ನೊಂದು ಎಂಬ ಕ್ರಮವಿದೆಯೇ? ಆ ಕ್ರಮ ಪರಂಪರೆಯಿಂದ ಬಂದುದೋ, ಕೂಡಿದ ಕೇಳುಗರನ್ನು ನೋಡಿ ಆಗುವುದೋ? ಮಕ್ಕಳು ಮರಾಠಿ ಶಾಲೆಗೆ ಹೋಗುವ ಮನೆಗಳಲ್ಲಿ ಕನ್ನಡ ಪದ ಮುಂದಿನ ತಲೆಮಾರಿಗೆ ದಾಟಿದೆಯೇ, ದಾಟಿದ್ದರೆ ಯಾವ ಲಿಪಿಯಲ್ಲಿ? ಭಜನೆಯ ವಹಿಗಳಲ್ಲಿ ಕನ್ನಡ ಪದಗಳನ್ನು ದೇವನಾಗರಿಯಲ್ಲಿ ಬರೆದುಕೊಂಡುದು ಸಿಕ್ಕರೆ, ಅದೊಂದೇ ಸಂಗತಿ ಒಂದು ಪ್ರಬಂಧಕ್ಕೆ ಸಾಕು. ಈ ಪ್ರಶ್ನೆಗಳಿಗೆ ಊರು ಗೊತ್ತಿದೆ, ಜನ ಗೊತ್ತಿದ್ದಾರೆ, ಎರಡೂ ಭಾಷೆ ನಮ್ಮ ಹುಡುಗರ ನಾಲಗೆಯ ಮೇಲಿವೆ. ಧಾರವಾಡದ ಪ್ರಾಧ್ಯಾಪಕರಿಗೆ ಮರಾಠಿ ಬರಲಿಕ್ಕಿಲ್ಲ, ಪುಣೆಯವರಿಗೆ ಕನ್ನಡ ಬರಲಿಕ್ಕಿಲ್ಲ. ಗಡಿಯಲ್ಲಿ ಹುಟ್ಟಿದುದನ್ನು ಕೊರತೆಯೆಂದು ಎಣಿಸುವ ನಮ್ಮವರ ಕೈಯಲ್ಲಿ ಇರುವ ಬಂಡವಾಳ ಇದು.

ಮತ್ತು ಸಮಯ ಕಡಿಮೆಯಿದೆ. ಆ ಪದಗಳನ್ನು ಗುರುಮುಖದಿಂದ ಕಲಿತ ಹಿರಿಯರು ವರ್ಷಕ್ಕೆ ಒಬ್ಬಿಬ್ಬರಂತೆ ಕಣ್ಮರೆಯಾಗುತ್ತಿದ್ದಾರೆ. ವಹಿಗಳಿಗೆ ಗೆದ್ದಲು ಹತ್ತುತ್ತದೆ, ಇಲ್ಲವೆ ಮನೆ ಸುಣ್ಣ ಹೊಡೆಯುವಾಗ ರದ್ದಿಗೆ ಹೋಗುತ್ತವೆ. ಕನ್ನಡ ಶಾಲೆಗಳ ಪಟದಲ್ಲಿ ಮಕ್ಕಳ ಸಂಖ್ಯೆ ಇಳಿದರೆ ಆ ವಹಿಗಳನ್ನು ಓದಬಲ್ಲವರೂ ಇಳಿಯುತ್ತಾರೆ. ಹತ್ತು ವರ್ಷದ ಮೇಲೆ ಬರೆದ ಪ್ರಸ್ತಾವ ಎಷ್ಟೇ ಚೆನ್ನಾಗಿದ್ದರೂ ಆಗ ಆಕರ ಉಳಿದಿರುವುದಿಲ್ಲ.

ರಾನಡೆಯವರು ಕನ್ನಡಕ್ಕೆ ಕೊನೆಗಾಲದಲ್ಲಿ ಮರಳಿದರು. ಹಿಂದಿಯ ಸಂತರನ್ನು ಕುರಿತ ಅವರ ಗ್ರಂಥ 1954ರಲ್ಲಿ ಪ್ರಕಟವಾಯಿತು. ಸಾಧಕನನ್ನು ಆ ದಾರಿಗೆ ಹಚ್ಚುವ ಪ್ರೇರಣೆಗಳು, ನೈತಿಕ ಸಿದ್ಧತೆ, ದೇವರಿಗೂ ಸಂತರಿಗೂ ಇರುವ ಸಂಬಂಧ, ಯಾತ್ರೆಯ ಆರಂಭ, ಕೊನೆಯ ಏರು ಎಂಬ ಐದು ಮೆಟ್ಟಿಲುಗಳಲ್ಲಿ ಅವರು ಅಲ್ಲಿ ವಿಷಯವನ್ನು ಜೋಡಿಸಿದ್ದರು. ಅದೇ ಪ್ರಶ್ನೆಯನ್ನು ಹಿಡಿದುಕೊಂಡು ಕನ್ನಡದ ಶರಣರು, ದಾಸರು, ತತ್ತ್ವಪದಕಾರರ ಹಾಡುಗಳ ಮೇಲೆ ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಿ ಉಪನ್ಯಾಸಗಳನ್ನು ಕೊಟ್ಟರು. ಬಾಲ್ಯದಲ್ಲಿ ಜಮಖಂಡಿಯ ಓಣಿಯಲ್ಲಿಯೂ ಇಂಚಗೇರಿಯ ಸಪ್ತಾಹಗಳಲ್ಲಿಯೂ ಕಿವಿಗೆ ಬಿದ್ದ ಪದಗಳು ಹೀಗೆ ಪಾಂಡಿತ್ಯದ ಗ್ರಂಥಕ್ಕೆ ಬಂದವು. ಉಪನಿಷತ್ತು, ಗ್ರೀಕರು, ಮರಾಠಿ ಸಂತರು, ಹಿಂದಿ ಸಂತರು ಎಂದು ಸುತ್ತಿ ಬಂದವರು ಅಂಗಳದ ಹಾಡಿಗೆ ತಲುಪಲು ಅರ್ಧ ಶತಮಾನ ಬೇಕಾಯಿತು. ಇಷ್ಟು ತಡವಾಗಿ ಬಂದರಲ್ಲ ಎಂದು ಕನ್ನಡಿಗನಾದ ನನಗೆ ಒಮ್ಮೊಮ್ಮೆ ಅನಿಸಿದೆ. ಆದರೆ ಆ ಸುತ್ತು ಹಾಕಿ ಬಂದುದರಿಂದಲೇ ನಮ್ಮ ಪದಗಳನ್ನು ಅವರು ಇತರ ಭಾಷೆಗಳ ಸಂತವಾಣಿಯ ಪಕ್ಕದಲ್ಲಿಟ್ಟು ತೂಗಬಲ್ಲವರಾದರು.

ಈ ನಡುವೆ ನೆಲದ ಮೇಲೆ ಹೊಸ ಗೆರೆಗಳು ಬಿದ್ದವು. 1948ರಲ್ಲಿ ಜತ್ತ, ಜಮಖಂಡಿ ಸಂಸ್ಥಾನಗಳೆರಡೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಜಮಖಂಡಿ, ನಿಂಬರಗಿ, ಇಂಚಗೇರಿ, ನಿಂಬಾಳಗಳು ಮೈಸೂರು ರಾಜ್ಯಕ್ಕೆ ಸೇರಿದವು. ಉಮದಿ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಗುರುವಿನ ಊರು ಒಂದು ರಾಜ್ಯ, ಗುರುವಿನ ಸಮಾಧಿ ಇನ್ನೊಂದು ರಾಜ್ಯ. ಮರುವರ್ಷ, 1957ರ ಜೂನ್ 6ರಂದು, ರಾನಡೆಯವರು ನಿಂಬಾಳದ ಆಶ್ರಮದಲ್ಲಿ ದೇಹವಿಟ್ಟರು. ಅವರು 1928ರಲ್ಲಿ ನಾಗಪುರದಲ್ಲಿ ಮಾಡಿದ ಗೀತೆಯ ಉಪನ್ಯಾಸಗಳು ಗ್ರಂಥವಾಗಿ ಬಂದುದು ಅವರು ತೀರಿಕೊಂಡ ಮೇಲೆ, 1959ರಲ್ಲಿ. ಕನ್ನಡ ಹಾಡುಗಳ ಮೇಲಿನ ಗ್ರಂಥವನ್ನು ಶಿಷ್ಯರು ಸಿದ್ಧಪಡಿಸಿ 1960ರಲ್ಲಿ ಹೊರತಂದರು. ಉಮದಿ ಮಹಾರಾಷ್ಟ್ರ ರಾಜ್ಯಕ್ಕೆ ಸೇರಿದ ವರ್ಷವೂ ಅದೇ. ಕನ್ನಡದ ಪದಗಳನ್ನು ಕುರಿತ ಆ ಪುಸ್ತಕವನ್ನು ಪ್ರಕಟಿಸಿದುದು ಮುಂಬಯಿಯ ಭಾರತೀಯ ವಿದ್ಯಾಭವನ.